ಕಫದಲ್ಲಿ ಕಂಡ ನೆತ್ತರು ಮೂರೇ ದಿನಕ್ಕೆ ನಿಂತಿತು, ಇನ್ನು ಸುಮ್ಮನಿರಬಹುದೇ?

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ನನ್ನ ಅಪ್ಪನಿಗೆ 61 ವರ್ಷ, ಅಡಿಕೆ ಕೃಷಿ. ಕಳೆದ ತಿಂಗಳು ಜೋರು ಮಳೆ ಬರುತ್ತಿದ್ದಾಗ ಒಂದು ವಾರ ಕೆಮ್ಮು ಇತ್ತು. ಒಂದು ದಿನ ಬೆಳಿಗ್ಗೆ ಮುಖ ತೊಳೆಯುವಾಗ ಕಫದಲ್ಲಿ ಕೆಂಪು ಕಾಣಿಸಿತು. ಮೂರು ದಿನ ಹಾಗೆಯೇ ಬಂತು. ಒಮ್ಮೆಗೆ ಒಂದು ಚಮಚದಷ್ಟೂ ಇರಲಿಲ್ಲ, ಜ್ವರವೂ ಇರಲಿಲ್ಲ. ಮೆಡಿಕಲ್‌ನಿಂದ ಅಣ್ಣ ಏನೋ ಆಂಟಿಬಯೋಟಿಕ್ ತಂದುಕೊಟ್ಟ, ನಿಂತಿತು. ಎಕ್ಸ್-ರೇ ತೆಗೆಸಿದೆವು. ಬಲಭಾಗದಲ್ಲಿ ಮೇಲೆ ಹಳೆಯ ಕಲೆ ಇದೆ, ಹೊಸತೇನೂ ಕಾಣುವುದಿಲ್ಲ ಎಂದರು. ಅಪ್ಪನಿಗೆ 2004ರಲ್ಲಿ ಟಿ.ಬಿ. ಬಂದು 6 ತಿಂಗಳು ಔಷಧಿ ಪೂರ್ತಿ ತೆಗೆದುಕೊಂಡಿದ್ದರು. 3 ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ಆಸ್ಪಿರಿನ್ ತಪ್ಪಿಸುವುದಿಲ್ಲ. ಆಗಲೇ ಬೀಡಿ ಬಿಟ್ಟರು, ಅದಕ್ಕೂ ಮೊದಲು 30 ವರ್ಷ ಸೇದಿದ್ದಾರೆ. ಎಲೆಅಡಿಕೆ ಈಗಲೂ ಇದೆ. ಅಜ್ಜಿ ಉಷ್ಣ ಎನ್ನುತ್ತಾರೆ, ಅಣ್ಣ ಆಸ್ಪಿರಿನ್ ನಿಲ್ಲಿಸೋಣ ಎನ್ನುತ್ತಾನೆ, ನೆರೆಮನೆಯವರು ಟಿ.ಬಿ. ಮರಳಿ ಬಂತು ಎನ್ನುತ್ತಾರೆ. ನನಗೆ ಕ್ಯಾನ್ಸರ್‌ನ ಹೆದರಿಕೆ. ಅಪ್ಪ ಮಾತ್ರ ನಿಂತಿತಲ್ಲ, ಇನ್ನೇಕೆ ಆಸ್ಪತ್ರೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಮನೆಯಲ್ಲಿ ಕಾರಣದ ಬಗ್ಗೆ ನಾಲ್ಕು ಅಭಿಪ್ರಾಯ ಇದೆ. ನಾಲ್ಕಕ್ಕೂ ಮೊದಲು ಕೇಳಬೇಕಾದ್ದು ಒಂದು ಉಳಿದಿದೆ: ಆ ನೆತ್ತರು ಹೊರಟದ್ದು ಎಲ್ಲಿಂದ? ಅದಕ್ಕೆ ಉತ್ತರ ಸಿಗುವ ತನಕ ನಿಂತಿತೆಂದು ಬಿಡುವ ಹಾಗಿಲ್ಲ. ರಾತ್ರೋರಾತ್ರಿ ಮಂಗಳೂರಿಗೆ ಓಡಬೇಕಾದ ಸ್ಥಿತಿಯೂ ಇದಲ್ಲ. ಎರಡು ವಾರದೊಳಗೆ ಕಫ ಪರೀಕ್ಷೆ ಮತ್ತು ಎದೆಯ ಸಿ.ಟಿ. ಸ್ಕ್ಯಾನ್ ಆಗಬೇಕು. ಯಾಕೆಂದು ಹೇಳುತ್ತೇನೆ.

ಬಾಯಿಂದ ಬಂದ ಕೆಂಪೆಲ್ಲ ಶ್ವಾಸಕೋಶದ್ದಲ್ಲ. ಮೂಗಿನ ಹಿಂಭಾಗದಲ್ಲಿ ಒಸರಿದ ರಕ್ತ ರಾತ್ರಿ ಗಂಟಲಿಗಿಳಿದು ಬೆಳಿಗ್ಗೆ ಕಫದೊಂದಿಗೆ ಬರುತ್ತದೆ. ವಸಡಿನಿಂದಲೂ ಬರುತ್ತದೆ. ಹೊಟ್ಟೆಯಿಂದ ಬಂದದ್ದು ಸಾಮಾನ್ಯವಾಗಿ ಓಕರಿಕೆಯೊಂದಿಗೆ, ಕಾಫಿ ಗಸಿಯ ಹಾಗೆ ಕಪ್ಪಗೆ, ಅನ್ನದ ಅಗುಳು ಸೇರಿಕೊಂಡು ಬರುತ್ತದೆ. ಶ್ವಾಸಕೋಶದ್ದು ಕೆಮ್ಮಿನೊಂದಿಗೆ, ಕೆಂಪಗೆ, ಹಲವು ಸಲ ನೊರೆನೊರೆಯಾಗಿ ಬರುತ್ತದೆ. ನಮ್ಮ ಕಡೆ ಇದಕ್ಕೆಲ್ಲ ಎಲೆಅಡಿಕೆಯ ಗೊಂದಲವೂ ಸೇರುತ್ತದೆ. ಒಮ್ಮೆ ಒಬ್ಬರು ಅಜ್ಜಿ ತಮ್ಮ ಕಫವನ್ನು ಬಾಳೆಎಲೆಯ ಚೂರಿನಲ್ಲಿ ಕಟ್ಟಿ ತಂದಿದ್ದರು. ಬಿಚ್ಚಿದರೆ ಪೂರ್ತಿ ಕೆಂಪು. ಮಗ, “ಅದು ಎಲೆಅಡಿಕೆ ಡಾಕ್ಟ್ರೇ, ಇವರಿಗೆ ಯಾವಾಗಲೂ ಹಾಗೆಯೇ” ಎಂದು ನಾಚಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸುಣ್ಣ ತಾಗಿದ ಅಡಿಕೆಯ ರಸ ಇಟ್ಟಿಗೆಯ ಬಣ್ಣದಲ್ಲಿ ನೀರಾಗಿ ಎಲೆಯಲ್ಲೆಲ್ಲ ಹರಡಿತ್ತು. ನಡುವಿನ ಕಫದ ಮುದ್ದೆಯೊಳಗೆ ಮಾತ್ರ ದಾರದಂಥ ಗಾಢ ಗೆರೆಯೊಂದು ಬೇರೆಯೇ ಕಾಣುತ್ತಿತ್ತು. ಅದು ರಕ್ತವಾಗಿತ್ತು. ಎಷ್ಟು ದಿನದಿಂದ ಬರುತ್ತಿತ್ತೋ, ಎಲೆಅಡಿಕೆಯ ಕೆಂಪಿನಲ್ಲಿ ಯಾರಿಗೂ ಗೊತ್ತೇ ಆಗಿರಲಿಲ್ಲ.

ಆದ್ದರಿಂದ ಒಂದು ಕೆಲಸ ಮಾಡಿ. ಕೆಲವು ದಿನ ರಾತ್ರಿ ಊಟದ ನಂತರ ಅಪ್ಪ ಎಲೆಅಡಿಕೆ ಹಾಕದಿರಲಿ. ಬೆಳಿಗ್ಗೆ ಎದ್ದು ಬಾಯಿ ಚೆನ್ನಾಗಿ ಮುಕ್ಕಳಿಸಿ, ಆಮೇಲೆ ಎದೆಯಾಳದಿಂದ ಕೆಮ್ಮಿ ಬಂದ ಕಫವನ್ನು ಬಿಳಿಯ ಪಿಂಗಾಣಿ ಕಪ್ಪಿಗೆ ಉಗುಳಲಿ. ಕೆಂಪು ಕಂಡರೆ ಬಿಸಿಲಿಗೆ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. “ಸ್ವಲ್ಪ ಇತ್ತು” ಎನ್ನುವ ಮಾತಿಗಿಂತ ಆ ಒಂದು ಫೋಟೋ ನನ್ನಂಥವರಿಗೆ ಎಷ್ಟೋ ಹೆಚ್ಚು ಹೇಳುತ್ತದೆ.

ಇನ್ನು ಶ್ವಾಸಕೋಶದಿಂದ ರಕ್ತ ಯಾಕೆ ಬರುತ್ತದೆ ಎಂಬುದು. ಶ್ವಾಸಕೋಶಕ್ಕೆ ರಕ್ತ ಎರಡು ದಾರಿಯಿಂದ ಬರುತ್ತದೆ. ಹೃದಯದ ಬಲಭಾಗದಿಂದ ಗಾಳಿ ತುಂಬಿಸಿಕೊಳ್ಳಲು ಬರುವ ರಕ್ತದ ಒತ್ತಡ ಬಹಳ ಕಡಿಮೆ. ಕೈಯಲ್ಲಿ ಅಳೆಯುವ ಬಿ.ಪಿ. 120 ಇದ್ದರೆ ಅಲ್ಲಿ 25ರ ಆಸುಪಾಸು. ಗುಡ್ಡದ ಸುರಂಗದಿಂದ ತನ್ನಷ್ಟಕ್ಕೆ ಇಳಿದು ಬರುವ ನೀರಿನ ಹಾಗೆ ಅದು. ಇನ್ನೊಂದು ದಾರಿ ಶ್ವಾಸನಾಳದ ಗೋಡೆಗೆ ಆಹಾರ ಕೊಡುವ ಸಣ್ಣ ಅಪಧಮನಿಗಳದ್ದು. ಇವು ಮಹಾಪಧಮನಿಯಿಂದ ನೇರವಾಗಿ ಹೊರಡುವುದರಿಂದ ಇವುಗಳಲ್ಲಿ ಪೂರ್ತಿ 120ರ ಒತ್ತಡವೇ ಇರುತ್ತದೆ, ಮೋಟಾರು ಇಟ್ಟ ಪೈಪಿನ ಹಾಗೆ. ಕಫದಲ್ಲಿ ದೊಡ್ಡ ಪ್ರಮಾಣದಲ್ಲಿ ರಕ್ತ ಬಂದಾಗ ಹತ್ತರಲ್ಲಿ ಒಂಬತ್ತು ಪಾಲು ಒಡೆದಿರುವುದು ಈ ಎರಡನೆಯ ಪೈಪು. ವರ್ಷಗಟ್ಟಲೆ ಉರಿಯೂತ ಇದ್ದ ಜಾಗದಲ್ಲಿ, ಅಂದರೆ ಹಳೆಯ ಟಿ.ಬಿ.ಯ ಕಲೆಯ ಸುತ್ತ, ಈ ಸಣ್ಣ ಅಪಧಮನಿಗಳು ಹಿಗ್ಗಿ, ಸುರುಳಿಸುತ್ತಿಕೊಂಡು, ತೆಳ್ಳಗಾಗಿ ಕುಳಿತಿರುತ್ತವೆ. ನಿಮ್ಮ ತಂದೆಯವರ ಎಕ್ಸ್-ರೇಯಲ್ಲಿ ಕಂಡ “ಹಳೆಯ ಕಲೆ” ಎಂಬ ಎರಡು ಪದವನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರುವುದು ಇದಕ್ಕೇ.

ನಿಮ್ಮ ನೆರೆಮನೆಯವರು ಹೇಳಿದ್ದು ಅರ್ಧ ಸರಿ. ಟಿ.ಬಿ. ಪೂರ್ತಿ ಗುಣವಾದವರಲ್ಲೂ, ಒಂದೇ ಒಂದು ಕ್ರಿಮಿ ಉಳಿಯದಿದ್ದರೂ, ವರ್ಷಗಳ ನಂತರ ರಕ್ತ ಬರಬಹುದು. ಕ್ಷಯ ತಿಂದುಹಾಕಿದ ಜಾಗದಲ್ಲಿ ಶ್ವಾಸನಾಳಗಳು ಹಿಗ್ಗಿ ಜೋತುಬಿದ್ದಿರುತ್ತವೆ. ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ ಅದಕ್ಕೆ. ಕಫ ಅಲ್ಲೇ ನಿಂತು, ಮಳೆಗಾಲದ ಒಂದು ಸಾಮಾನ್ಯ ಸೋಂಕು ತಗುಲಿದರೂ ಸಾಕು, ರಕ್ತ ಜಿನುಗುತ್ತದೆ. ಕೆಲವರಲ್ಲಿ ಕ್ಷಯ ಕೊರೆದು ಬಿಟ್ಟುಹೋದ ಹಳೆಯ ಪೊಟರೆಯೊಳಗೆ ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಬೆಳೆದು ಚೆಂಡಿನಂತಾಗುತ್ತದೆ. ಒದ್ದೆ ಹುಲ್ಲಿನಲ್ಲಿ, ಕೊಳೆತ ಸೊಪ್ಪಿನಲ್ಲಿ ಇರುವಂಥ ಬೂಷ್ಟೇ ಅದು. ನಾವೆಲ್ಲ ದಿನವೂ ಉಸಿರಿನಲ್ಲಿ ಎಳೆದುಕೊಳ್ಳುತ್ತೇವೆ, ಏನೂ ಆಗುವುದಿಲ್ಲ. ಪೊಟರೆ ಇದ್ದವರಲ್ಲಿ ಮಾತ್ರ ಅದಕ್ಕೆ ಮನೆ ಸಿಗುತ್ತದೆ. ಹೀಗೆ ಬೂಷ್ಟಿನ ಚೆಂಡು ಇರುವವರಲ್ಲಿ ಮೊದಲು ಸ್ವಲ್ಪ ಬಂದು ನಿಂತು, ಕೆಲವು ತಿಂಗಳ ನಂತರ ಒಮ್ಮೆಲೇ ತುಂಬ ಬಂದದ್ದನ್ನು ನಾನು ಕಂಡಿದ್ದೇನೆ. ನಿಂತದ್ದನ್ನು ನಂಬಬೇಡಿ ಎಂದು ಹೇಳುವುದಕ್ಕೆ ನನಗಿರುವ ದೊಡ್ಡ ಕಾರಣ ಇದು.

ಟಿ.ಬಿ. ಮತ್ತೆ ಮರುಕಳಿಸಿರಲೂಬಹುದು. ಅದನ್ನು ಊಹಿಸಿ ಕೂರಬೇಕಾಗಿಲ್ಲ. ನಿಮ್ಮ ಕುಟುಂಬಾರೋಗ್ಯ ಕೇಂದ್ರದಲ್ಲಿ ಕಫ ಕೊಟ್ಟರೆ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಗೆ ಉಚಿತವಾಗಿ ಕಳುಹಿಸುತ್ತಾರೆ. ಯಂತ್ರದಲ್ಲಿ ಎರಡು ಗಂಟೆಯೊಳಗೆ ಗೊತ್ತಾಗುತ್ತದೆ, ಮುಖ್ಯ ಔಷಧಿಯಾದ ರಿಫಾಂಪಿಸಿನ್ ಹಿಡಿಯುತ್ತದೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಆದರೆ ಒಮ್ಮೆ ಟಿ.ಬಿ. ಆದವರಲ್ಲಿ ಸತ್ತ ಕ್ರಿಮಿಯ ಕುರುಹನ್ನೂ ಈ ಯಂತ್ರ ಕೆಲವೊಮ್ಮೆ ಹಿಡಿದು ತೋರಿಸುತ್ತದೆ. ಹಾಗಾಗಿ ಪಾಸಿಟಿವ್ ಬಂದರೆ ಕಲ್ಚರ್ ಪರೀಕ್ಷೆಯನ್ನೂ, ಅಂದರೆ ಜೀವಂತ ಕ್ರಿಮಿ ಇದೆಯೋ ಎಂದು ಬೆಳೆಸಿ ನೋಡುವುದನ್ನೂ ಕೇಳಿ, ಅದಕ್ಕೆ ಆರು ವಾರದ ತನಕ ಹಿಡಿಯಬಹುದು. ಟಿ.ಬಿ. ಎಂದೇ ಆದರೂ ಎದೆಗುಂದಬೇಡಿ. 2004ರಲ್ಲಿ ವಾರಕ್ಕೆ 3 ದಿನ ನುಂಗುತ್ತಿದ್ದ ಮಾತ್ರೆ ಈಗ ದಿನವೂ ಇದೆ, ಔಷಧಿಗೆ ದುಡ್ಡಿಲ್ಲ, ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ ಕೊಡುವ ಹಣ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿದೆ.

ಇಲ್ಲಿ ಅಣ್ಣನಿಗೆ ಒಂದು ಮಾತು. ಅವರು ತಂದ ಮಾತ್ರೆಯ ಖಾಲಿ ಪಟ್ಟಿ ಇದ್ದರೆ ಹುಡುಕಿ ಹೆಸರು ನೋಡಿ. ಲಿವೋಫ್ಲಾಕ್ಸಸಿನ್‌ನಂಥ ಮಾತ್ರೆಗಳು ಟಿ.ಬಿ. ಕ್ರಿಮಿಯನ್ನೂ ಸ್ವಲ್ಪ ಹೊಡೆಯುತ್ತವೆ. ಕೆಮ್ಮು ತಗ್ಗುತ್ತದೆ, ಕಫದಲ್ಲಿ ಕ್ರಿಮಿ ಸಿಗದೇ ಹೋಗುತ್ತದೆ, ರೋಗ ಮಾತ್ರ ಒಳಗೇ ಇರುತ್ತದೆ. ಪ್ರೀತಿಯಿಂದಲೇ ತಂದುಕೊಟ್ಟಿದ್ದಾರೆ, ಅವರನ್ನು ಬೈಯಬೇಡಿ. ಪರೀಕ್ಷಿಸುವ ವೈದ್ಯರಿಗೆ ಆ ಹೆಸರನ್ನು ಹೇಳಿದರೆ ಸಾಕು.

ಈಗ ನಿಮ್ಮ ಹೆದರಿಕೆ. ಕ್ಯಾನ್ಸರ್ ಅಲ್ಲ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ. 40 ದಾಟಿದವರಲ್ಲಿ, ಅದರಲ್ಲೂ ಬೀಡಿ ಸೇದಿದವರಲ್ಲಿ, ಒಂದೇ ಗೆರೆಯಷ್ಟು ರಕ್ತ ಬಂದರೂ ಶ್ವಾಸಕೋಶದ ಗಡ್ಡೆ ಇಲ್ಲವೆಂದು ನೋಡಿಯೇ ಖಚಿತಪಡಿಸಿಕೊಳ್ಳುವುದು ನಮ್ಮ ಪದ್ಧತಿ. ಬೀಡಿ ಸಿಗರೇಟಿಗಿಂತ ಸಣ್ಣದು, ಎಲೆಯದ್ದು, ಅಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ಇನ್ನೂ ಇದೆ. ನಿಜ ಬೇರೆ. ಬೀಡಿ ಸುತ್ತುವ ತುಪ್ರದ ಎಲೆಯ ಮೂಲಕ ಗಾಳಿ ಸುಲಭವಾಗಿ ಒಳಬರುವುದಿಲ್ಲ, ನಂದದಿರಲು ಜೋರಾಗಿ, ಮತ್ತೆ ಮತ್ತೆ ಎಳೆಯಬೇಕಾಗುತ್ತದೆ, ಟಾರ್ ಇನ್ನಷ್ಟು ಆಳಕ್ಕಿಳಿಯುತ್ತದೆ. ಬೀಡಿ ಬಿಟ್ಟು 3 ವರ್ಷವಾದದ್ದು ಒಳ್ಳೆಯದೇ, ಹೃದಯಕ್ಕಂತೂ ಬಹಳ ಒಳ್ಳೆಯದು. ಶ್ವಾಸಕೋಶದ ಅಪಾಯ ಇಳಿಯಲು ಇನ್ನೂ ವರ್ಷಗಳು ಬೇಕು. ಹಾಗೆಂದು ಕಫದಲ್ಲಿ ರಕ್ತ ಕಂಡವರಲ್ಲಿ ಹೆಚ್ಚಿನವರದ್ದು ಕ್ಯಾನ್ಸರ್ ಆಗಿರುವುದಿಲ್ಲ, ಇದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಬರೀ ಕೆಮ್ಮಿನ ಸೋಂಕಿನಿಂದ ಶ್ವಾಸನಾಳದ ಒಳಪೊರೆ ಕೆರೆದುಹೋಗಿ ಗೆರೆಯಂಥ ರಕ್ತ ಬರುವುದು ತೀರಾ ಸಾಮಾನ್ಯ. ಅದೇ ಆಗಿದ್ದರೆ ಸಿ.ಟಿ. ನೋಡಿದ ದಿನವೇ ನಿಮ್ಮ ಭಾರ ಇಳಿಯುತ್ತದೆ.

ಎಕ್ಸ್-ರೇಯಲ್ಲಿ ಹೊಸತೇನೂ ಕಾಣದ ಮೇಲೆ ಸಿ.ಟಿ. ಯಾಕೆ ಎಂದು ಅಪ್ಪ ಕೇಳಬಹುದು. ಎಕ್ಸ್-ರೇ ಎಂದರೆ ಒಂದು ಕಡೆಯಿಂದ ಕಿರಣ ಹಾಯಿಸಿ ತೆಗೆದ ನೆರಳು. ಹೃದಯದ ಹಿಂದೆ, ಕೊರಳಿನ ಎಲುಬಿನ ಹಿಂದೆ, ಹಳೆಯ ಕಲೆಯ ಮರೆಯಲ್ಲಿ ಇರುವುದು ಅದರಲ್ಲಿ ಕಾಣದೇ ಹೋಗುತ್ತದೆ. ಪೊಟರೆಯೊಳಗಿನ ಬೂಷ್ಟಿನ ಚೆಂಡನ್ನೂ ಎಕ್ಸ್-ರೇ ಹಲವು ಸಲ ಬರೀ ಕಲೆಯೆಂದೇ ತೋರಿಸುತ್ತದೆ.

ಆಸ್ಪಿರಿನ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ನಿಲ್ಲಿಸಬೇಡಿ. ಆಸ್ಪಿರಿನ್ ರಕ್ತವನ್ನು ತಾನಾಗಿ ಸೋರಿಸುವುದಿಲ್ಲ, ಎಲ್ಲೋ ಒಡೆದದ್ದು ಬೇಗ ಮುಚ್ಚದಂತೆ ಮಾಡುತ್ತದೆ, ಅಷ್ಟೇ. ಮಾತ್ರೆಯ ಮೇಲೆ ತಪ್ಪು ಹೊರಿಸಿದರೆ ಒಡೆದ ಜಾಗವನ್ನು ಹುಡುಕುವವರೇ ಇರುವುದಿಲ್ಲ. ಇತ್ತ ಸ್ಟೆಂಟ್ ಇರುವವರು ಕೇಳದೆ ನಿಲ್ಲಿಸಿದರೆ ಅದರೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಚಮಚದಷ್ಟೂ ಇಲ್ಲದ ರಕ್ತವನ್ನು ನಿಲ್ಲಿಸಲು ಹೋಗಿ ಅಪ್ಪನನ್ನೇ ಅಪಾಯಕ್ಕೆ ದೂಡಿದ ಹಾಗಾಗುತ್ತದೆ. ಹೃದಯದ ವೈದ್ಯರಿಗೆ ಫೋನ್ ಮಾಡಿ ಕೇಳಿ, ನಿಲ್ಲಿಸುವುದಿದ್ದರೆ ಅವರೇ ಹೇಳಲಿ. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನೂ ಯಾರೋ ಹೇಳಿದರೆಂದು ಮೆಡಿಕಲ್‌ನಿಂದ ತರಬೇಡಿ. ಸ್ಟೆಂಟ್ ಇದ್ದವರಿಗೆ ಅದನ್ನು ಕೊಡುವ ಮೊದಲು ನಾವೂ ಎರಡು ಸಲ ಯೋಚಿಸುತ್ತೇವೆ.

ಅಜ್ಜಿಯ ಉಷ್ಣದ ಮಾತನ್ನು ನಾನು ತಳ್ಳಿಹಾಕಿ ಅವರ ಮನಸ್ಸು ನೋಯಿಸುವುದಿಲ್ಲ. ಪುನರ್ಪುಳಿ ಸಾರು, ಬೊಂಡ (ಎಳನೀರು), ಮಜ್ಜಿಗೆ ಕೊಡಲಿ, ಅಡ್ಡಿಯಿಲ್ಲ. ಆಡುಸೋಗೆಯ ಕಷಾಯವೂ ಇರಬಹುದು ನಿಮ್ಮಲ್ಲಿ. ಬೇಲಿಯ ಆ ಗಿಡವನ್ನು ನಮ್ಮ ಹಿರಿಯರು ಕೆಮ್ಮಿಗೂ ನೆತ್ತರಿಗೂ ಬಳಸಿದ್ದರಲ್ಲಿ ತಿಳಿವಳಿಕೆ ಇತ್ತು. ಕೆಮ್ಮಿನ ಸಿರಪ್‌ಗಳಲ್ಲಿ ಇರುವ ಬ್ರಾಮ್‌ಹೆಕ್ಸಿನ್ ಎಂಬ ಔಷಧಿ ಆಡುಸೋಗೆಯ ಸಾರದಿಂದಲೇ ಹುಟ್ಟಿಕೊಂಡದ್ದು. ಆದರೆ ದೇಹದ ಉಷ್ಣದಿಂದ ಶ್ವಾಸಕೋಶದ ರಕ್ತನಾಳ ಒಡೆಯುವುದಿಲ್ಲ. ಕಷಾಯ ಕುಡಿದು ಕಫ ಸಡಿಲವಾದರೆ ಕಾರಣ ಹೋಯಿತೆಂದೂ ಅಲ್ಲ. ಪರೀಕ್ಷೆಯನ್ನು ಮುಂದೂಡದಿದ್ದರೆ ಆಯಿತು.

ತೋಟದ ಬಗ್ಗೆ ನೀವು ಕೇಳಿಲ್ಲ, ನಾನೇ ಕೇಳುತ್ತೇನೆ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದು ಅಪ್ಪನೇ ಅಲ್ಲವೇ? ಪೋರ್ಚುಗಲ್‌ನ ದ್ರಾಕ್ಷಿ ತೋಟಗಳಲ್ಲಿ ಇದೇ ಮೈಲುತುತ್ತು-ಸುಣ್ಣ ಸಿಂಪಡಿಸುತ್ತಿದ್ದವರ ಶ್ವಾಸಕೋಶದಲ್ಲಿ ತಾಮ್ರ ಕೂತು ಕಲೆಯಾದದ್ದನ್ನು 1969ರಲ್ಲಿ ವೈದ್ಯರು ವರದಿ ಮಾಡಿದ್ದರು. ನಿಮ್ಮ ತಂದೆಯವರ ರಕ್ತಕ್ಕೆ ನಾನು ಮೊದಲು ಸಂಶಯಪಡುವುದು ಅದನ್ನಲ್ಲ. ಆದರೂ ವೈದ್ಯರಿಗೆ ಹೇಳಿ. ಮುಂದೆ ಆ ಕೆಲಸ ಬೇರೆಯವರಿಗೆ ವಹಿಸಿದರೆ ಒಳ್ಳೆಯದು, ಮಾಡುವವರು ಯಾರೇ ಆದರೂ ಬಾಯಿ ಮೂಗಿಗೆ ಸರಿಯಾದ ಮಾಸ್ಕ್ ಇರಲಿ, ತಲೆಗೆ ಸುತ್ತಿದ ಬೈರಾಸನ್ನೇ ಮೂಗಿಗೆಳೆದುಕೊಂಡರೆ ಸಾಲದು.

ಇದೇ ಪ್ರಶ್ನೆ ಮನಸ್ಸಿನಲ್ಲಿರುವ ಬೇರೆ ಓದುಗರಿಗಾಗಿ ಒಂದೆರಡು ಮಾತು. ಮಳೆಗಾಲದಲ್ಲಿ ಗದ್ದೆ, ಕಣಿ, ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕೆಂಪಾದ ಕಣ್ಣು ಇದ್ದು ಜೊತೆಗೆ ಕಫದಲ್ಲಿ ರಕ್ತ ಬಂದರೆ ಅದು ಇಲಿಜ್ವರ ಇರಬಹುದು. ಶ್ವಾಸಕೋಶವಿಡೀ ರಕ್ತ ಒಸರಿ ಗಂಟೆಗಳಲ್ಲಿ ಪರಿಸ್ಥಿತಿ ಕೈಮೀರುತ್ತದೆ, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ ಇದ್ದು ಮಣ್ಣಿನ ಕೆಲಸ ಮಾಡುವವರಲ್ಲಿ ಮೆಲಿಯಾಯ್ಡೋಸಿಸ್ ಎಂಬ ಸೋಂಕು ಎಕ್ಸ್-ರೇಯಲ್ಲಿ ಥೇಟ್ ಟಿ.ಬಿ.ಯ ಹಾಗೇ ಕಾಣುತ್ತದೆ, ಟಿ.ಬಿ. ಮಾತ್ರೆಗೆ ಬಗ್ಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಅದು ಇದೆ. ಒಂದು ಕಾಲು ಮಾತ್ರ ಊದಿಕೊಂಡು, ಎದೆ ಚುಚ್ಚಿ, ದಮ್ಮು ಕಟ್ಟಿ ರಕ್ತ ಬಂದರೆ ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, ಅದೂ ತುರ್ತು.

ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ಕಾದು ನೋಡುವುದು ಒಂದು. 25ರ ಹುಡುಗನಿಗೆ ಶೀತ ಕೆಮ್ಮಿನಲ್ಲಿ ಒಂದು ಗೆರೆ ಬಂದು ಹೋದರೆ ನಾನೇ ಹಾಗೆ ಹೇಳುತ್ತೇನೆ. ನಿಮ್ಮ ತಂದೆಯವರಿಗೆ ಹೇಳುವುದಿಲ್ಲ. ಕಫ ಪರೀಕ್ಷೆಯಲ್ಲಿ ಅಪಾಯವೇನಿಲ್ಲ. ಸಿ.ಟಿ.ಗೆ ರಕ್ತನಾಳಕ್ಕೆ ಬಣ್ಣದ ಔಷಧಿ ಚುಚ್ಚಬೇಕಾಗುತ್ತದೆ, ಕೆಲವರಿಗೆ ಅಲರ್ಜಿಯಾಗುತ್ತದೆ. ಮೂತ್ರಪಿಂಡದ ಶಕ್ತಿ ಕಡಿಮೆ ಇದ್ದರೆ ತೊಂದರೆ, ಆದ್ದರಿಂದ ಮೊದಲು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಮಾಡಿಸಿ. ವಿಕಿರಣ ಎಕ್ಸ್-ರೇಗಿಂತ ಬಹಳ ಹೆಚ್ಚು, ನಿಜ. 61ರ ವಯಸ್ಸಿನಲ್ಲಿ, ಈ ಹಿನ್ನೆಲೆಯಲ್ಲಿ, ಸ್ಕ್ಯಾನ್ ಮಾಡದಿರುವುದೇ ನನಗೆ ಹೆಚ್ಚು ಅಪಾಯವಾಗಿ ಕಾಣುತ್ತದೆ.

ಸಿ.ಟಿ.ಯಲ್ಲಿ ಸಂಶಯ ಬಂದರೆ ಬ್ರಾಂಕೋಸ್ಕೋಪಿ, ಅಂದರೆ ತೆಳ್ಳಗಿನ ಕೊಳವೆ ಕ್ಯಾಮರಾವನ್ನು ಮೂಗಿನಿಂದಲೋ ಬಾಯಿಂದಲೋ ಇಳಿಸಿ ನೋಡುವುದು. ಹೆದರುವವರು ಬಹಳ. ಗಂಟಲಿಗೆ ಮರಗಟ್ಟಿಸುವ ಔಷಧಿ ಬಿಟ್ಟು ಮಂಪರು ಬರಿಸಿ ಮಾಡುತ್ತಾರೆ, ಹೆಚ್ಚಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆ ರಾತ್ರಿ ಸ್ವಲ್ಪ ಜ್ವರ, ಕಫದಲ್ಲಿ ಕೆಂಪು ಬರಬಹುದು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ರಕ್ತಸ್ರಾವದ ಅಪಾಯ ತುಸು ಹೆಚ್ಚುತ್ತದೆ. ಒಂದು ವೇಳೆ ರಕ್ತ ಮತ್ತೆ ಮತ್ತೆ ಬಂದರೆ, ತೊಡೆಯ ಸಂದಿನ ರಕ್ತನಾಳದ ಮೂಲಕ ತಂತಿ ಕಳಿಸಿ ಒಡೆದ ಆ ಪೈಪನ್ನೇ ಒಳಗಿನಿಂದ ಮುಚ್ಚುವ ಚಿಕಿತ್ಸೆ ಇದೆ. ಎಂಬೊಲೈಸೇಶನ್ ಎನ್ನುತ್ತಾರೆ. ಎಷ್ಟೋ ಜೀವ ಉಳಿಸಿದೆ. ಅಪರೂಪಕ್ಕೆ ಬೆನ್ನುಹುರಿಗೆ ಹೋಗುವ ರಕ್ತವೂ ನಿಂತು ಕಾಲಿನ ಶಕ್ತಿ ಹೋಗಬಹುದು. ಬೂಷ್ಟಿನ ಚೆಂಡು ಇದ್ದವರಲ್ಲಿ ರಕ್ತ ಮರುಕಳಿಸುವುದೂ ಇದೆ, ಅಂಥವರಿಗೆ ಕೊನೆಗೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಹೃದಯ, ಉಸಿರಿನ ಶಕ್ತಿ ಎರಡನ್ನೂ ತೂಗಿ ನೋಡಬೇಕಾದ ತೀರ್ಮಾನ ಅದು. ಇಷ್ಟು ದೂರ ಹೋಗಬೇಕಾಗಿ ಬರುವುದು ಕೆಲವೇ ಮಂದಿಗೆ.

ಪರೀಕ್ಷೆ ಮುಗಿಯುವ ಮೊದಲೇ ಮತ್ತೆ ರಕ್ತ ಬಂದರೆ? ಗೆರೆಯಷ್ಟಾದರೆ ಮರುದಿನ ವೈದ್ಯರನ್ನು ಕಾಣಿ. ಒಂದು ದಿನದಲ್ಲಿ ಅರ್ಧ ಗ್ಲಾಸಿನ ಹತ್ತಿರ ಬಂದರೆ, ಅಥವಾ ಎಷ್ಟೇ ಬರಲಿ ದಮ್ಮು ಕಟ್ಟಿದರೆ, 108ಕ್ಕೆ ಕರೆಮಾಡಿ. ಇಂಥ ರಕ್ತದಲ್ಲಿ ಜೀವಕ್ಕೆ ಕುತ್ತು ಬರುವುದು ರಕ್ತ ಖಾಲಿಯಾಗಿ ಅಲ್ಲ, ಉಸಿರಿನ ದಾರಿ ಮುಚ್ಚಿ. ಶ್ವಾಸನಾಳಗಳಲ್ಲಿ ಹಿಡಿಯುವುದೇ ಸುಮಾರು 150 ಮಿಲಿ, ಒಂದು ಸಣ್ಣ ಲೋಟದಷ್ಟು. ಅಂಗಾತ ಮಲಗಿಸಬೇಡಿ. ಅಪ್ಪನ ಕಲೆ ಬಲಭಾಗದಲ್ಲಿದೆ, ಆದ್ದರಿಂದ ಬಲಮಗ್ಗುಲಾಗಿ ಮಲಗಿಸಿ, ಒಳ್ಳೆಯ ಎಡ ಶ್ವಾಸಕೋಶ ಮೇಲಿರಲಿ. ಕೆಮ್ಮು ಬಂದರೆ ಉಗುಳಲಿ, ತಡೆಯಬಾರದು. ಬಾಯಿಗೆ ನೀರು, ಬೊಂಡ ಏನನ್ನೂ ಹಾಕಬೇಡಿ. ಆ ಹೊತ್ತಿನಲ್ಲಿ ಮಂಗಳೂರೇ ಆಗಬೇಕೆಂದು ಹಟ ಬೇಡ, ಮೊದಲು ಹತ್ತಿರದ ದೊಡ್ಡ ಆಸ್ಪತ್ರೆ.

ಸರ್ಕಾರಿ ಆಸ್ಪತ್ರೆಯಲ್ಲಿ ಭಾಷೆಯ ತೊಡಕು ನಮ್ಮ ಹಿರಿಯರಿಗೆ ನಿಜವಾದ ತೊಡಕು. ಸಂಕೋಚದಿಂದ ಬರೀ “ಕೆಮ್ಮು” ಎಂದು ಹೇಳಿ ಸಿರಪ್ ಹಿಡಿದು ಬಂದವರಿದ್ದಾರೆ. ನೀವು ಜೊತೆಗೆ ಹೋಗಿ. ಎದುರಿಗಿರುವ ವೈದ್ಯರು ಮಲಯಾಳಿಯಾಗಿದ್ದರೆ “ಕಫತ್ತಿಲ್ ಚೋರ” (ಕಫದಲ್ಲಿ ರಕ್ತ) ಎಂಬ ಎರಡು ಪದ ಮೊದಲೇ ಹೇಳಿಬಿಡಿ. ಆಮೇಲೆ ಟಿ.ಬಿ., ಸ್ಟೆಂಟ್, ಆಸ್ಪಿರಿನ್, ಬೀಡಿ, ಈ ನಾಲ್ಕು ಹೇಳಿ.

ಅಪ್ಪ ಬರಲೊಲ್ಲೆ ಎನ್ನುವುದು ಹಟದಿಂದ ಎಂದು ನನಗನಿಸುವುದಿಲ್ಲ. 2004ರಲ್ಲಿ ಟಿ.ಬಿ. ಎಂದಾಗ ಅವರ ತಟ್ಟೆ ಲೋಟ ಬೇರೆ ಇಟ್ಟಿರಬಹುದು, ನೆಂಟರು ಮನೆಗೆ ಬರುವುದು ಬಿಟ್ಟಿರಬಹುದು. ಆ ಪದವನ್ನು ಇನ್ನೊಮ್ಮೆ ಕೇಳಲು ಅವರಿಗೆ ಮನಸ್ಸಿಲ್ಲ. “ಕ್ಯಾನ್ಸರ್ ಇದೆಯೋ ನೋಡಿಸೋಣ” ಎನ್ನಬೇಡಿ. ಹಳೆಯ ಗಾಯದ ಗುರುತು ಈಗ ಹೇಗಿದೆ ಎಂದು ನೋಡಿಸಿಕೊಂಡು ಬರೋಣ ಎನ್ನಿ, ಅದು ಸುಳ್ಳೂ ಅಲ್ಲ. ಆ ಕಾಲದ ಎಕ್ಸ್-ರೇ ಮನೆಯಲ್ಲಿ ಎಲ್ಲೋ ಇರುತ್ತದೆ, ಅಟ್ಟದ ಮೇಲೆ, ಕಪಾಟಿನ ಸಂದಿಯಲ್ಲಿ. ಹುಡುಕಿ. ಆಗಿನ ಕಲೆ, ಈಗಿನ ಕಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೆಳೆದಿದೆಯೋ ಹಾಗೇ ಇದೆಯೋ ಎಂಬುದು ನಿಮಿಷದಲ್ಲಿ ತಿಳಿಯುತ್ತದೆ. ಸುತ್ತಿ ಇಟ್ಟಿದ್ದರೆ ಹೊರಡುವ ಹಿಂದಿನ ದಿನ ಬಿಡಿಸಿ, ಹಾಸಿಗೆಯ ಅಡಿಯಲ್ಲಿ ಚಪ್ಪಟೆಯಾಗಿ ಇಟ್ಟು, ಬೆಳಿಗ್ಗೆ ತೆಗೆದುಕೊಂಡು ಹೋಗಿ.